ಸೊಪ್ಪು ಬಿತ್ತುವ ಮೊದಲು ಮಣ್ಣಿನ ಜಾತಕ ಕೇಳಿ

ಮೂರು ವರ್ಷದ ಹಿಂದೆ ಹಿತ್ತಲಿಗೆ ಅಂತ ಒಂದು ಲೋಡ್ ಕೆಮ್ಮಣ್ಣು ಹೊಡೆಸಿದೆ. ಬೆಂಗಳೂರಿನ ಅಂಚಿನಲ್ಲಿ ಮನೆ ಕಟ್ಟಿದವರೆಲ್ಲ ಮಾಡುವ ಕೆಲಸವೇ. "ಒಳ್ಳೇ ಮಣ್ಣು ಸಾರ್, ಏನು ಹಾಕಿದ್ರೂ ಬರುತ್ತೆ" ಅಂದ ಟಿಪ್ಪರ್‌ನವನು. ಬಂತು ಕೂಡ. ದಂಟು, ಮೆಂತ್ಯ, ಪಾಲಕ್ ಎರಡೆರಡು ಕೊಯ್ಲು ಆದವು. ಆಮೇಲೆ ಜೋರು ಮಳೆ ಬಿದ್ದು ಮೇಲ್ಮಣ್ಣು ತೊಳೆದುಹೋಯಿತು. ಒಳಗಿನದು ಕಾಣತೊಡಗಿತು: ಕರೀ ಪ್ಲಾಸ್ಟಿಕ್ ಚೂರು, ಬೂದು ಬಣ್ಣದ ಪುಡಿ, ಹಳೇ ಬ್ಯಾಟರಿಯ ಒಳಗಿರುವ ಜಾಲರಿಯಂಥ ತುಂಡುಗಳು. ಆ ಜಾಲರಿ ಸೀಸದ್ದು. ಸೊಪ್ಪು ಆಗಲೇ ಹೊಟ್ಟೆ ಸೇರಿತ್ತು.

ಆ ಒಂದು ಲೋಡ್ ಮಣ್ಣಿನ ಜೊತೆ ಹೆಣಗಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಿತ್ತಲು, ತಾರಸಿ ತೋಟ, ಊರಂಚಿನ ಹೊಲ, ಮಲೆನಾಡಿನ ಅಡಿಕೆ ತೋಟ ಇರುವವರಿಗೆಲ್ಲ ಇದರಲ್ಲಿ ಏನಾದರೂ ಸಿಗಬಹುದು.

ಮೊದಲೇ ಒಂದು ಮಾತು. ಕೀಟನಾಶಕ ಬಹುಪಾಲು ನಿಧಾನವಾಗಿ ಒಡೆದುಹೋಗುತ್ತದೆ. ಲೋಹ ಒಡೆಯುವುದಿಲ್ಲ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಮಣ್ಣಿಗೆ ಬಿದ್ದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತವೆ. ಹಾಗಾಗಿ ಅವನ್ನು ತೆಗೆದುಹಾಕುವ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಅವು ಇದ್ದಲ್ಲೇ ಕದಲದೆ ಕೂರುವಂತೆ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ. ಬಾಯಿಗೆ ಬರಬಾರದು, ಎಲೆಗೆ ಏರಬಾರದು, ಬಾವಿಗೆ ಇಳಿಯಬಾರದು. ಮುಂದೆ ಬರುವುದೆಲ್ಲ ಇದರ ಉಪಾಯಗಳೇ.

ಹೆಜ್ಜೆ 1: ಜಾತಕ

ಲ್ಯಾಬಿಗೆ ದುಡ್ಡು ಕೊಡುವ ಮೊದಲು ಆ ಜಾಗದ ಚರಿತ್ರೆ ಕೇಳಿ. ಇದು ಪುಕ್ಕಟೆ, ಮತ್ತು ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಹತ್ತಿರದ ಟೀ ಅಂಗಡಿಯ ಹಿರಿಯರನ್ನು ಮಾತಾಡಿಸಿ. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದರೆ ಹಳೇ ವರ್ಷಗಳ ಉಪಗ್ರಹ ಚಿತ್ರಗಳನ್ನೂ ನೋಡಬಹುದು. ಈಗ ಸೈಟು ಇರುವಲ್ಲಿ ಹತ್ತು ವರ್ಷದ ಹಿಂದೆ ಶೆಡ್ ಇತ್ತೋ, ಗುಂಡಿ ಇತ್ತೋ, ಕಸ ಸುಡುತ್ತಿದ್ದರೋ ಅಂತ ಗೊತ್ತಾಗುತ್ತದೆ.

ಏನೇನು ಕೇಳಬೇಕು? ಹಳೇ ಬ್ಯಾಟರಿ ಕರಗಿಸುವ ಶೆಡ್ ಇದ್ದರೆ ಸೀಸ. ಎಲೆಕ್ಟ್ರೋಪ್ಲೇಟಿಂಗ್, ಅಂದರೆ ಲೋಹದ ಸಾಮಾನಿಗೆ ಮೆರುಗು ಲೇಪಿಸುವ ಘಟಕ, ಇದ್ದರೆ ಕ್ರೋಮಿಯಂ, ನಿಕ್ಕಲ್. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದ ಕಥೆ ಬೆಂಗಳೂರಿನವರಿಗೆ ಹಳೆಯದು. ತಾಮ್ರಕ್ಕಾಗಿ ವೈರ್ ಸುಡುತ್ತಿದ್ದ ಜಾಗವಾದರೆ ಸೀಸ, ತಾಮ್ರ, ಕ್ಯಾಡ್ಮಿಯಂ ಮೂರೂ. ಹಳೇ ಮನೆಯ ಗೋಡೆ, ಕಿಟಕಿಯಿಂದ ಬಣ್ಣ ಉದುರಿದ್ದರೆ ಗೋಡೆಯಿಂದ ಮೂರು ನಾಲ್ಕು ಅಡಿಯೊಳಗಿನ ಮಣ್ಣನ್ನು ಅನುಮಾನಿಸಿ. ಮನೆಗೆ ಹೊಡೆಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಕಿಲೋಗೆ 90 ಮಿಲಿಗ್ರಾಂ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ದೊಡ್ಡ ರಸ್ತೆ ಪಕ್ಕದ ಜಾಗವೂ ಅಷ್ಟೇ. ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲಿ 2000ದಲ್ಲಿ ನಿಂತಿತು, ಆದರೆ ಅದಕ್ಕೆ ಮೊದಲು ಹೊಗೆಯಲ್ಲಿ ಬಂದು ಬಿದ್ದದ್ದು ಎಲ್ಲಿಗೂ ಹೋಗಿಲ್ಲ.

ನೀರಿನ ಜಾತಕವೂ ಬೇಕು. ವೃಷಭಾವತಿ ನದಿ ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆ, ಕಾರ್ಖಾನೆ ನೀರು ಎಲ್ಲವನ್ನೂ ಹೊತ್ತು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬರುತ್ತದೆ. ಅದೇ ನೀರಲ್ಲಿ ದಶಕಗಳಿಂದ ಬೇಸಾಯ ನಡೆದಿದೆ. ಆ ನೀರಿನಲ್ಲಿ ಗೊಬ್ಬರದ ಅಂಶ ಜಾಸ್ತಿ, ಪೈರು ಕಪ್ಪಗೆ ಹಸಿರಾಗಿ ಬರುತ್ತದೆ. ನೋಡಲು ಸೊಗಸಾಗಿದೆ ಅಂತ ಮೋಸ ಹೋಗಬೇಡಿ. ಕ್ಯಾಡ್ಮಿಯಂ ತುಂಬಿದ ಪಾಲಕ್ ಕೂಡ ಥಳಥಳ ಅಂತಲೇ ಇರುತ್ತದೆ.

ಗಣಿ ಹತ್ತಿರದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬಗಳು ಮಾತ್ರ ಇವತ್ತಿಗೂ ನಿಂತಿವೆ. ಬೇಸಿಗೆ ಗಾಳಿಗೆ ಅದರ ಪುಡಿ ಅಂಗಳಕ್ಕೆ ಬಂದು ಕೂರುತ್ತದೆ.

ಹೊರಗಿಂದ ತರುವ ಮಣ್ಣು, ಗೊಬ್ಬರ

ಇದನ್ನು ಪ್ರತ್ಯೇಕವಾಗಿ ಹೇಳಬೇಕು, ಯಾಕೆಂದರೆ ನಾನು ಎಡವಿದ್ದು ಇಲ್ಲೇ. ಲೋಡ್ ಮಣ್ಣು ಇಳಿಸುವ ಮೊದಲು ಅದನ್ನು ಅಗೆದ ಜಾಗಕ್ಕೆ ಹೋಗಿ ನೋಡಿ. ನೋಡಲು ಬಿಡದಿದ್ದರೆ ಬೇಡ ಅನ್ನಿ.

ಕೆರೆ ಗೋಡು ಹೊಲಕ್ಕೆ ಹೊಡೆಯುವುದು ನಮ್ಮ ಹಳೇ ಪದ್ಧತಿ, ಒಳ್ಳೇ ಪದ್ಧತಿ. ಹಳ್ಳಿ ಕೆರೆಗೆ ಅದು ಈಗಲೂ ಸರಿ. ನಗರದ ಕೊಳಚೆ ಸೇರುವ ಕೆರೆಯ ಹೂಳು ಮಾತ್ರ ಬೇರೆ. ನೀರಿನಲ್ಲಿ ಬಂದ ಲೋಹ ನೀರಿನಲ್ಲಿ ಉಳಿಯುವುದಿಲ್ಲ, ಜೇಡಿಗೆ ಅಂಟಿಕೊಂಡು ತಳ ಸೇರುತ್ತದೆ. ಪುಕ್ಕಟೆ ಕೊಟ್ಟರೂ ಪರೀಕ್ಷೆ ಮಾಡಿಸದೆ ತರಬೇಡಿ.

ನಗರದ ಕಸದಿಂದ ಮಾಡಿದ ಕಾಂಪೋಸ್ಟ್ ಕೊಳ್ಳುವಾಗ ಪರೀಕ್ಷೆಯ ಚೀಟಿ ಕೇಳಿ. ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಇದಕ್ಕೆ ಮಿತಿ ಇದೆ: ಕಿಲೋಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5, ನಿಕ್ಕಲ್ 50, ಕ್ರೋಮಿಯಂ 50, ತಾಮ್ರ 300, ಸತು 1000. ಚೀಟಿ ಇಲ್ಲದ ಕಾಂಪೋಸ್ಟನ್ನು ಹೂವಿನ ಗಿಡಕ್ಕೆ ಹಾಕಿ, ಸೊಪ್ಪಿನ ಮಡಿಗೆ ಬೇಡ.

ಇನ್ನೆರಡು ಸಣ್ಣ ವಿಷಯ. ಬಣ್ಣ ಹೊಡೆದ ಮರ ಅಥವಾ ಕಸ ಸುಟ್ಟ ಬೂದಿ ಗಿಡಕ್ಕೆ ಬೇಡ. ಗಣೇಶನನ್ನು ಮನೆಯಲ್ಲೇ ಬಕೆಟ್ಟಿನಲ್ಲಿ ಬಿಟ್ಟು ಆ ನೀರನ್ನು ತುಳಸಿ ಕಟ್ಟೆಗೆ ಸುರಿಯುವವರು ಬಣ್ಣವಿಲ್ಲದ ಮಣ್ಣಿನ ಗಣೇಶನನ್ನೇ ತನ್ನಿ. ಬಣ್ಣದ್ದಾದರೆ ಆ ನೀರು ಯಾವ ಕುಂಡಕ್ಕೂ ಬೇಡ.

ಹೆಜ್ಜೆ 2: ಮಣ್ಣು ಆರೋಗ್ಯ ಚೀಟಿ ಏನು ಹೇಳುವುದಿಲ್ಲ

"ನಮ್ಮ ಹೊಲದ ಮಣ್ಣು ಟೆಸ್ಟ್ ಆಗಿದೆ" ಅಂತ ತುಂಬ ಜನ ನೆಮ್ಮದಿಯಾಗಿರುತ್ತಾರೆ. 2015ರಲ್ಲಿ ಶುರುವಾದ ಸರ್ಕಾರದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಸೀಸ ಇಲ್ಲ, ಕ್ಯಾಡ್ಮಿಯಂ ಇಲ್ಲ, ಆರ್ಸೆನಿಕ್ ಇಲ್ಲ. ಅದು ಬೆಳೆಗೆ ಏನು ಕಮ್ಮಿ ಅಂತ ನೋಡುವ ಚೀಟಿ, ಏನು ವಿಷ ಅಂತ ನೋಡುವುದಲ್ಲ.

ಆದರೂ ಅದರಲ್ಲಿ ಒಂದು ಸುಳಿವು ಸಿಗುತ್ತದೆ. ಸತು 0.6 ಪಿಪಿಎಂ ಇದ್ದರೆ ಬೆಳೆಗೆ ಸಾಕು, ತಾಮ್ರ 0.2 ಇದ್ದರೆ ಸಾಕು. ನಿಮ್ಮ ಚೀಟಿಯಲ್ಲಿ ಇವು ಹತ್ತು, ಇಪ್ಪತ್ತು ಅಂತ ಬಂದಿದ್ದು, ನೀವು ಸತುವಿನ ಗೊಬ್ಬರವನ್ನೂ ಮೈಲುತುತ್ತವನ್ನೂ (ತಾಮ್ರದ ಸಲ್ಫೇಟ್) ಹಾಕಿಯೇ ಇಲ್ಲ ಅಂದರೆ, ಅವು ಎಲ್ಲಿಂದ ಬಂದವು? ಸತುವಿನ ಬೆನ್ನಿಗೆ ಕ್ಯಾಡ್ಮಿಯಂ ಬರುವುದು ಹೆಚ್ಚು. ಅದಿರಿನಲ್ಲೇ ಅವೆರಡೂ ಜೋಡಿ.

ರಸಸಾರ, ಅಂದರೆ ಮಣ್ಣು ಎಷ್ಟು ಹುಳಿ ಅಂತ ಹೇಳುವ ಪಿಎಚ್ (ಅಂಕಿ 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ), ಎಷ್ಟಿದೆ ಅಂತ ಚೀಟಿಯಿಂದ ಬರೆದಿಟ್ಟುಕೊಳ್ಳಿ. ಮುಂದೆ ಬೇಕು.

ಹೆಜ್ಜೆ 3: ಮಾದರಿ ತೆಗೆಯುವುದು

ಗೊಬ್ಬರದ ಪರೀಕ್ಷೆಗೆ ಹೊಲದ ಹತ್ತು ಕಡೆಯ ಮಣ್ಣು ಕಲಸಿ ಕೊಡುತ್ತೇವಲ್ಲ, ಇಲ್ಲಿ ಹಾಗೆ ಮಾಡಿದರೆ ಕೆಟ್ಟ ಮೂಲೆಯ ಸೀಸ ಒಳ್ಳೆಯ ಮೂಲೆಗಳ ಜೊತೆ ಬೆರೆತು ಮರೆಯಾಗುತ್ತದೆ. ಅನುಮಾನದ ಜಾಗ ಒಂದು ಮಾದರಿ, ಉಳಿದದ್ದು ಇನ್ನೊಂದು. ಮೂರನೆಯದು ಬಹಳ ಮುಖ್ಯ: ರಸ್ತೆ, ಗೋಡೆ, ಕಾಲುವೆ ಎಲ್ಲದರಿಂದ ದೂರ ಇರುವ, ಅದೇ ಬಗೆಯ ಮಣ್ಣಿನ ಒಂದು ಮಾದರಿ. ಹೋಲಿಸಲು ಅದು ಬೇಕೇ ಬೇಕು.

ತರಕಾರಿ ಮಡಿಯಾದರೆ ಮೇಲಿನ 15 ಸೆಂಟಿಮೀಟರ್ ಮಣ್ಣು. ಮಕ್ಕಳು ಆಡುವ ಅಂಗಳವಾದರೆ ಮೇಲಿನ 2 ಸೆಂಟಿಮೀಟರ್ ಸಾಕು, ಅವರ ಕೈಗೆ ಅಂಟುವುದು ಅದೇ. ಜಿಐ ಬಾಂಡ್ಲಿ, ಜಿಐ ಬಕೆಟ್ ಬಳಸಬೇಡಿ, ಅದರ ಸತು ಮಣ್ಣಿಗೆ ಬರುತ್ತದೆ. ಪ್ಲಾಸ್ಟಿಕ್ ಪುಟ್ಟಿ ಆಗುತ್ತದೆ. ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಹೊಸ ಪ್ಲಾಸ್ಟಿಕ್ ಕವರಿಗೆ ತುಂಬಿ. ಹಳೇ ಗೊಬ್ಬರದ ಚೀಲ ಬೇಡ.

ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಲ್ಲಿ "ಒಟ್ಟು ಲೋಹ" ಅಂತಲೇ ಕೇಳಿ. ಸುಮ್ನೆ "ಮಣ್ಣು ಪರೀಕ್ಷೆ" ಅಂದರೆ ಮತ್ತೆ ಸಾರಜನಕ, ರಂಜಕವೇ ಬರುತ್ತದೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಕ್ರೋಮಿಯಂ, ನಿಕ್ಕಲ್, ತಾಮ್ರ, ಸತು ಮತ್ತು ರಸಸಾರ ಇಷ್ಟು ಸಾಕು. ಪ್ಲೇಟಿಂಗ್ ಘಟಕದ ಪಕ್ಕದವರು ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ಹೆಚ್ಚು ವಿಷದ ರೂಪ, ಬೇರೆಯಾಗಿ ಕೇಳಿ. ಎಲ್ಲ ಕ್ರೋಮಿಯಂ ಒಂದೇ ಅಲ್ಲ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಕಡೆ ಕಲ್ಲಿನಲ್ಲೇ ಕ್ರೋಮಿಯಂ ಇದೆ, ಬೈರಾಪುರದಲ್ಲಿ ಅದರ ಗಣಿಯೂ ಇದೆ. ಅಂಥ ಕಡೆ ಒಟ್ಟು ಅಂಕಿ ದೊಡ್ಡದು ಬಂದ ಮಾತ್ರಕ್ಕೆ ಗಾಬರಿ ಬೇಡ.

ಹೆಜ್ಜೆ 4: ಅಂಕಿ ಓದುವುದು

ಹೊಲಕ್ಕೆ ಚರಂಡಿ ಕೆಸರು ಹಾಕುವ ಬಗ್ಗೆ ಯುರೋಪಿನಲ್ಲಿ 1986ರ ನಿಯಮವಿದೆ. ಅದರ ಪ್ರಕಾರ ಮಣ್ಣಿನ ಪ್ರತಿ ಕಿಲೋಗೆ ಮಿತಿ ಇಷ್ಟು: ಕ್ಯಾಡ್ಮಿಯಂ 1ರಿಂದ 3 ಮಿಲಿಗ್ರಾಂ, ಸೀಸ 50ರಿಂದ 300, ತಾಮ್ರ 50ರಿಂದ 140, ಸತು 150ರಿಂದ 300, ನಿಕ್ಕಲ್ 30ರಿಂದ 75. ನಾನು ಇದನ್ನೇ ಅಳತೆಗೋಲು ಮಾಡಿಕೊಂಡೆ. ಮಕ್ಕಳಿರುವ ಅಂಗಳದ ಸೀಸಕ್ಕೆ ಅಮೆರಿಕದ ಪರಿಸರ ಸಂಸ್ಥೆ ಮೊದಲು 400 ಅನ್ನುತ್ತಿತ್ತು, 2024ರಲ್ಲಿ ಅದನ್ನು 200ಕ್ಕೆ ಇಳಿಸಿತು.

ಇದು ಮನುಷ್ಯರ ಲೆಕ್ಕವಾಯಿತು. ಎರೆಹುಳು, ಕೆರೆಯ ಮೀನು, ಮಣ್ಣಿನ ಸೂಕ್ಷ್ಮಜೀವಿಗಳ ಲೆಕ್ಕಕ್ಕೆ ಒಂದು ಸುಲಭ ದಾರಿ ಇದೆ. ಸ್ವೀಡನ್ನಿನ ಲಾರ್ಸ್ ಹೋಕನ್ಸನ್ 1980ರಲ್ಲಿ ಕೆರೆ ಹೂಳಿಗೆಂದು ಕೊಟ್ಟದ್ದು. ಪ್ರತಿ ಲೋಹಕ್ಕೂ ಒಂದು ತೂಕ: ಪಾದರಸ 40, ಕ್ಯಾಡ್ಮಿಯಂ 30, ಆರ್ಸೆನಿಕ್ 10, ಸೀಸ 5, ತಾಮ್ರ 5, ಕ್ರೋಮಿಯಂ 2, ಸತು 1. ಅನುಮಾನದ ಮಣ್ಣಿನ ಅಂಕಿಯನ್ನು ದೂರದ ಮಣ್ಣಿನ ಅಂಕಿಯಿಂದ ಭಾಗಿಸಿ, ಆ ತೂಕದಿಂದ ಗುಣಿಸಿ. 40ರೊಳಗೆ ಬಂದರೆ ಅಪಾಯ ಕಮ್ಮಿ. 80 ದಾಟಿದರೆ ಗಂಭೀರ. ಸತು ಮೂರು ಪಟ್ಟು ಆಗಿದ್ದರೆ 3 ಬರುತ್ತದೆ, ಬಿಟ್ಟುಬಿಡಿ. ಕ್ಯಾಡ್ಮಿಯಂ ಮೂರೇ ಪಟ್ಟು ಆಗಿದ್ದರೂ 90! ಮೂರನೇ ಮಾದರಿ ಬೇಕೇ ಬೇಕು ಅಂದದ್ದು ಇದಕ್ಕೇ.

ಲ್ಯಾಬಿಗೆ ದುಡ್ಡಿಲ್ಲದವರು ಮಳೆಗಾಲದಲ್ಲಿ ಒಂದು ಅಡಿ ಉದ್ದ, ಒಂದು ಅಡಿ ಅಗಲದ ಗುಂಡಿ ತೆಗೆದು ಎರೆಹುಳು ಎಣಿಸಿ. ಅದೇ ತೋಟದ ಇನ್ನೊಂದು ಕಡೆಯೂ ಎಣಿಸಿ. ಹಳೇ ಹತ್ತಿ ಬಟ್ಟೆಯ ತುಂಡು ಎರಡೂ ಕಡೆ ಹೂತು ಎರಡು ತಿಂಗಳು ಬಿಟ್ಟು ತೆಗೆಯಿರಿ. ಒಂದು ಕಡೆ ನೂಲೂ ಸಿಗದೆ, ಇನ್ನೊಂದು ಕಡೆ ಬಟ್ಟೆ ಹಾಗೇ ಇದ್ದರೆ ಅಲ್ಲಿನ ಮಣ್ಣು ಕೆಲಸ ನಿಲ್ಲಿಸಿದೆ ಅಂತ ಅರ್ಥ. ಕಾರಣ ಲೋಹವೇ ಆಗಬೇಕಿಲ್ಲ, ಆದರೆ ಹುಡುಕಬೇಕು.

ಹೆಜ್ಜೆ 5: ಮೊದಲು ಧೂಳು, ಆಮೇಲೆ ಗಿಡ

ಸೀಸದ ವಿಷಯದಲ್ಲಿ ನಾವೆಲ್ಲ ತರಕಾರಿಗೆ ಹೆದರುತ್ತೇವೆ. ನಿಜಕ್ಕೂ ಹೆದರಬೇಕಾದದ್ದು ಧೂಳಿಗೆ. ಸೀಸ ಬೇರಿನಿಂದ ಮೇಲಕ್ಕೆ ಏರುವುದು ಕಮ್ಮಿ. ಮಗು ಅಂಗಳದಲ್ಲಿ ಆಡಿ ಅದೇ ಕೈ ಬಾಯಿಗಿಟ್ಟರೆ ನೇರ ಒಳಗೆ. ಹಾಗಾಗಿ ಬರಿ ಮಣ್ಣು ಕಾಣದಂತೆ ಮಾಡಿ. ಹುಲ್ಲು ಬೆಳೆಸಿ, ತರಗೆಲೆ ಹೊದಿಸಿ, ಓಡಾಡುವ ಕಡೆ ಕಲ್ಲು ಹಾಸಿ. ಹಿತ್ತಲ ಚಪ್ಪಲಿ ಹಿತ್ತಲಲ್ಲೇ ಇರಲಿ. ಮನೆಯೊಳಗೆ ಪೊರಕೆಗಿಂತ ಒದ್ದೆ ಬಟ್ಟೆ ಮೇಲು. ಕಬ್ಬಿಣ, ಕ್ಯಾಲ್ಸಿಯಂ ಕಮ್ಮಿ ಇರುವ ಮಕ್ಕಳ ಮೈ ಸೀಸವನ್ನು ಜಾಸ್ತಿ ಹೀರುತ್ತದೆ. ರಾಗಿ, ಹಾಲು, ಕಾಳು ತಪ್ಪದಿರಲಿ.

ಅನುಮಾನ ಬಲವಾಗಿದ್ದರೆ ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ತೆಗೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ.

ಹೆಜ್ಜೆ 6: ಲೋಹವನ್ನು ಕಟ್ಟಿಹಾಕುವುದು

ಕ್ಯಾಡ್ಮಿಯಂ ಸೀಸದಂತಲ್ಲ. ಸಲೀಸಾಗಿ ಎಲೆಗೆ ಏರುತ್ತದೆ. ಎಷ್ಟು ಏರುತ್ತದೆ ಅನ್ನುವುದಕ್ಕೆ ರಸಸಾರವೇ ಬೀಗದ ಕೈ. ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ, ಸತು, ನಿಕ್ಕಲ್ ನೀರಿಗಿಳಿದು ಬೇರಿಗೆ ಸಿಗುತ್ತವೆ. ರಸಸಾರ 6.5ರಿಂದ 7ಕ್ಕೆ ಬಂದರೆ ಜೇಡಿಗೆ ಅಂಟಿ ಕೂರುತ್ತವೆ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಇದು ದೊಡ್ಡ ಮಾತು. ಬಯಲುಸೀಮೆಯ ಎರೆ ಭೂಮಿಯಲ್ಲಿ ಸುಣ್ಣ ಮೊದಲೇ ಇದೆ, ಅಲ್ಲಿನವರು ಮತ್ತೆ ಹಾಕಬೇಕಿಲ್ಲ.

ಕೃಷಿ ಸುಣ್ಣ ಅಥವಾ ಡೋಲೊಮೈಟ್ ಬಳಸಿ. ಎಷ್ಟು ಅನ್ನುವುದು ಮಣ್ಣಿನ ಮೇಲೆ ಹೋಗುತ್ತದೆ, ಪರೀಕ್ಷೆಯವರೇ ಹೇಳುತ್ತಾರೆ. ಒಂದೇ ಸಲ ಸುರಿಯಬೇಡಿ. ವರ್ಷಕ್ಕೊಮ್ಮೆ ರಸಸಾರ ನೋಡಿ. ಮಳೆ, ಯೂರಿಯಾ ಸೇರಿ ಮತ್ತೆ ಹುಳಿ ಮಾಡಿದರೆ ಬೀಗ ತೆರೆದುಕೊಳ್ಳುತ್ತದೆ. ಜೊತೆಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಧಾರಾಳ ಹಾಕಿ. ಸೀಸ, ತಾಮ್ರಕ್ಕೆ ಅದು ಅಂಟಿನಂತೆ. ಹೆಕ್ಸಾವೇಲೆಂಟ್ ಕ್ರೋಮಿಯಂ ಕೂಡ ಗೊಬ್ಬರದ ಸಹವಾಸದಲ್ಲಿ ಸಾಧು ರೂಪಕ್ಕೆ ಬರುತ್ತದೆ.

ಆರ್ಸೆನಿಕ್ ಒಂದು ಉಲ್ಟಾ ಗಿರಾಕಿ. ಸುಣ್ಣ ಜಾಸ್ತಿಯಾದರೆ, ರಂಜಕ ಜಾಸ್ತಿಯಾದರೆ ಅದು ಬಿಡುಗಡೆಯಾಗುತ್ತದೆ. ಗದ್ದೆಯಲ್ಲಿ ನೀರು ನಿಂತರೆ ಕ್ಯಾಡ್ಮಿಯಂ ಸುಮ್ಮನಾಗುತ್ತದೆ, ಆರ್ಸೆನಿಕ್ ಎದ್ದು ಕೂರುತ್ತದೆ. ನೀರು ಬಸಿದರೆ ಇದರ ತಿರುಗುಮುರುಗು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಬೋರ್ ನೀರಿನ ಆರ್ಸೆನಿಕ್‌ನಿಂದ ಜನ ಚರ್ಮ ರೋಗಕ್ಕೆ ಬಿದ್ದದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅಂಥ ಸೀಮೆಯಲ್ಲಿ ಮಣ್ಣಿಗಿಂತ ಮೊದಲು ನೀರು ಪರೀಕ್ಷೆ ಮಾಡಿಸಿ.

ತೀರಾ ಕೆಟ್ಟಿದ್ದರೆ? ಮೇಲೆ ದಪ್ಪ ನೆಯ್ಗೆಯ ಕಳೆ ತಡೆಯುವ ಶೀಟ್ ಹಾಸಿ, ಒಂದೂವರೆ ಅಡಿ ಎತ್ತರದ ಮಡಿ ಕಟ್ಟಿ, ಗೊತ್ತಿರುವ ಜಾಗದ ಮಣ್ಣು ತುಂಬಿ. ಜಪಾನಿನ ತೊಯಾಮದಲ್ಲಿ ಜಿನ್ಝು ನದಿಯ ಗದ್ದೆಗಳಿಗೆ ಕಮಿಯೋಕಾ ಗಣಿಯ ಕ್ಯಾಡ್ಮಿಯಂ ಸೇರಿ, ಜನರ ಮೂಳೆ ಮುರಿಯುವ ಇತಾಯ್-ಇತಾಯ್ ರೋಗ ಬಂತು. 'ಅಯ್ಯೋ ನೋವು, ನೋವು' ಅಂತಲೇ ಆ ಹೆಸರಿನ ಅರ್ಥ. ಅಲ್ಲಿ ಕೊನೆಗೆ ಮಾಡಿದ್ದೂ ಇದನ್ನೇ, ಕೆಟ್ಟ ಮಣ್ಣನ್ನು ಕೆಳಗೆ ಹೂತು ಮೇಲೆ ಒಳ್ಳೆಯ ಮಣ್ಣು ಹೊದಿಸಿದರು. 1979ರಿಂದ 2012ರವರೆಗೆ ಹಿಡಿಯಿತು.

ಸಾಸಿವೆ, ಸೂರ್ಯಕಾಂತಿ ಬೆಳೆದು ಲೋಹ ಹೀರಿಸುವ ವಿಡಿಯೋಗಳನ್ನು ನೀವೂ ನೋಡಿರಬಹುದು. ನನಗೆ ಅದರಲ್ಲಿ ನಂಬಿಕೆ ಇಲ್ಲ. ಸೀಸಕ್ಕಂತೂ ದಶಕಗಳು ಬೇಕು, ಆ ಗಿಡಗಳನ್ನು ಎಲ್ಲಿ ಹಾಕುತ್ತೀರಿ ಅನ್ನುವ ಪ್ರಶ್ನೆ ಬೇರೆ. ಒಂದು ಗಿಡ ಮಾತ್ರ ನಿಜವಾಗಿ ಗಟ್ಟಿಗ. ನಮ್ಮ ಹಳೇ ಗಾರೆ ಗೋಡೆಗಳ ಸಂದಿಯಲ್ಲಿ ಬೆಳೆಯುವ ಟೆರಿಸ್ ವಿಟ್ಟಾಟಾ ಎಂಬ ಜರಿಗಿಡ ಆರ್ಸೆನಿಕ್ ಅನ್ನು ಎಲೆಯಲ್ಲಿ ತುಂಬಿಕೊಳ್ಳುತ್ತದೆ. ಅದನ್ನು ಕಿತ್ತು ದನಕ್ಕೆ ಹಾಕಿಬಿಟ್ಟೀರಿ!

ಹೆಜ್ಜೆ 7: ಏನು ಬೆಳೆಯಬಹುದು

ಇಂಥ ಮಣ್ಣಿಗೆ ಸೊಪ್ಪು ಎಲ್ಲಕ್ಕಿಂತ ಕೆಟ್ಟದ್ದು, ಅದರಲ್ಲೂ ಪಾಲಕ್. ಮೂಲಂಗಿ, ಕ್ಯಾರೆಟ್‌ಗೆ ಮಣ್ಣೇ ಅಂಟಿಕೊಂಡು ಬರುತ್ತದೆ, ಸಿಪ್ಪೆ ದಪ್ಪಗೆ ಹೆರೆಯಿರಿ. ಟೊಮೆಟೊ, ಹುರುಳಿಕಾಯಿ, ಅವರೆಯಂಥ ಕಾಯಿಗಳಿಗೆ ಲೋಹ ಏರುವುದು ಕಮ್ಮಿ. ತೆಂಗು, ಮಾವು ಇನ್ನೂ ವಾಸಿ. ಕಾಯಿಗಳಲ್ಲಿ ಬದನೆ ಸ್ವಲ್ಪ ಕ್ಯಾಡ್ಮಿಯಂ ಪ್ರಿಯ. ಅದಕ್ಕೂ ಉಪಾಯವಿದೆ: ಸುಂಡೆಕಾಯಿ ಗಿಡದ ಬೇರಿಗೆ ಬದನೆ ಕಸಿ ಕಟ್ಟಿದರೆ ಕಾಯಿಗೆ ಏರುವ ಕ್ಯಾಡ್ಮಿಯಂ ಬಹಳ ಇಳಿಯುತ್ತದೆ. ಜಪಾನಿನವರು ಪರೀಕ್ಷಿಸಿ ಕಂಡ ವಿಷಯ ಇದು. ನಮ್ಮಲ್ಲಿ ಸೊರಗು ರೋಗ ತಪ್ಪಿಸಲು ಈ ಕಸಿ ಮಾಡುವವರು ಮೊದಲೇ ಇದ್ದಾರೆ.

ತೊಳೆದರೆ ಮೇಲಿನ ಧೂಳು ಹೋಗುತ್ತದೆ, ಸೀಸಕ್ಕೆ ಅದರಿಂದ ಲಾಭವಿದೆ. ಒಳಗೆ ಸೇರಿದ ಕ್ಯಾಡ್ಮಿಯಂ ಉಪ್ಪು ನೀರಿಗೂ ಹುಣಸೆ ನೀರಿಗೂ ಜಗ್ಗುವುದಿಲ್ಲ. ಹಸು ಮೇಯುವ ಜಾಗವಾದರೆ ಹುಲ್ಲು ಗಿಡ್ಡ ಆಗುವ ಮೊದಲೇ ಹಸುವನ್ನು ಬೇರೆ ಕಡೆ ಕಟ್ಟಿ. ಬುಡದವರೆಗೆ ಮೇದರೆ ಹುಲ್ಲಿನ ಜೊತೆ ಮಣ್ಣನ್ನೂ ತಿನ್ನುತ್ತದೆ.

ಅಡಿಕೆ ತೋಟದವರಿಗೆ

ಮೈಲುತುತ್ತದ ಬಗ್ಗೆ ಮಾತಾಡಿದರೆ ಮಲೆನಾಡಿನ ನೆಂಟರು ನನ್ನ ಮೇಲೆ ಸಿಟ್ಟಾಗುತ್ತಾರೆ. ಕೊಳೆರೋಗ ಬಂದರೆ ಫಸಲೇ ಇಲ್ಲ, ನಿಜ. ಆದರೂ ಲೆಕ್ಕ ಹಾಕಿ ನೋಡಿ. ಕೊಳೆಗೆ ಹೊಡೆಯುವ, ಮೈಲುತುತ್ತ ಸುಣ್ಣ ಬೆರೆಸಿದ ದ್ರಾವಣವೇ ಬೋರ್ಡೋ. ಒಂದು ಪರ್ಸೆಂಟಿನದು ಅಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತ. ಅದರಲ್ಲಿ ಕಾಲು ಕಿಲೋ ತಾಮ್ರ. ವರ್ಷಕ್ಕೆ ಎಕರೆಗೆ 1000 ಲೀಟರ್ ಹೊಡೆದರೆ ಎರಡೂವರೆ ಕಿಲೋ ತಾಮ್ರ ಬಿತ್ತು. ಒಂದೆಕರೆಯ ಮೇಲ್ಮಣ್ಣು ಸುಮಾರು ಹತ್ತು ಲಕ್ಷ ಕಿಲೋ. ಹಾಗಾದರೆ ವರ್ಷಕ್ಕೆ ಎರಡೂವರೆ ಪಿಪಿಎಂ, ನಲವತ್ತು ವರ್ಷಕ್ಕೆ 100. ಯುರೋಪಿನ ದ್ರಾಕ್ಷಿಯವರಿಗೆ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರದ ಮಿತಿ ಇದೆ, ಅಂದರೆ ವರ್ಷಕ್ಕೆ 4. ನಮ್ಮ ಎಕರೆ ಲೆಕ್ಕವನ್ನು ಹೆಕ್ಟೇರಿಗೆ ತಿರುಗಿಸಿದರೆ 6 ದಾಟಿತು.

ತಾಮ್ರ ಅಡಿಕೆ ತಿನ್ನುವವರನ್ನು ಕೊಲ್ಲುವುದಿಲ್ಲ. ಎರೆಹುಳುವನ್ನು ಕೊಲ್ಲುತ್ತದೆ, ಮಣ್ಣಿನ ಒಳ್ಳೇ ಶಿಲೀಂಧ್ರವನ್ನೂ ಕೊಲ್ಲುತ್ತದೆ. ಗೊನೆಗೆ ಮಾತ್ರ ಬೀಳುವಂತೆ ಹೊಡೆಯಿರಿ, ಉಳಿದ ದ್ರಾವಣ ತೋಡಿಗೆ ಚೆಲ್ಲಬೇಡಿ, ಮೀನು ಸಾಯುತ್ತದೆ. ಕಮ್ಮಿ ಮರ ಇರುವವರು ಮಳೆ ತಾಗದಂತೆ ಗೊನೆಗೆ ಹೊದಿಕೆ ಹಾಕುವ, ಅಂದರೆ ಕೊಟ್ಟೆ ಕಟ್ಟುವ, ಹಳೇ ಕ್ರಮ ಯೋಚಿಸಬಹುದು. ಮರ ಹತ್ತುವವರು ಸಿಗಬೇಕಲ್ಲ ಅನ್ನುತ್ತೀರಿ, ಅದೂ ಸರಿಯೇ.

ಅಪರೂಪದ ಲೋಹಗಳು

ಲ್ಯಾಂಥನಮ್, ಸೀರಿಯಂ, ನಿಯೋಡೈಮಿಯಂ ಸೇರಿ 17 ಲೋಹಗಳಿಗೆ ಅಪರೂಪದ ಭೂಲೋಹ ಅಂತ ಹೆಸರು. ಹೆಸರಷ್ಟೇ ಅಪರೂಪ, ಭೂಮಿಯ ಹೊರಪದರದಲ್ಲಿ ಸೀಸಕ್ಕಿಂತ ಸೀರಿಯಂ ಜಾಸ್ತಿ. ನಮ್ಮ ಮಣ್ಣಿಗೆ ಇವು ರಂಜಕದ ಗೊಬ್ಬರದ ಕಲ್ಲಿನಿಂದ ಚೂರುಚೂರೇ ಬರುತ್ತವೆ. ಎಂಆರ್‌ಐ ಮಾಡುವಾಗ ಚುಚ್ಚುವ, ಇದೇ ಗುಂಪಿನ ಗ್ಯಾಡೊಲಿನಿಯಂ ಮೂತ್ರದಲ್ಲಿ ಹೋಗಿ, ಕೊಳಚೆ ಶುದ್ಧೀಕರಣ ಘಟಕವನ್ನೂ ದಾಟಿ ನದಿ ಸೇರುತ್ತದೆ.

ನಿಜವಾದ ಅನಾಹುತ ಗಣಿಯ ಹತ್ತಿರ. ಚೀನಾದ ಗಾನ್ಝೌ ಗುಡ್ಡಗಳಲ್ಲಿ ಅಮೋನಿಯಂ ಸಲ್ಫೇಟ್ ದ್ರಾವಣ ಇಳಿಸಿ ಈ ಲೋಹ ಬಸಿದು ತೆಗೆದರು. ಮಣ್ಣು ಹುಳಿಯಾಯಿತು, ನೀರಿಗೆ ಅಮೋನಿಯಾ ಸೇರಿತು. ಹುಳಿಯಾದ ಮಣ್ಣು ಜೊತೆಗಿದ್ದ ಸೀಸವನ್ನೂ ಬಿಟ್ಟುಕೊಡುತ್ತದೆ. ಮತ್ತೆ ಅದೇ ರಸಸಾರದ ಕಥೆ. ಮ್ಯಾನ್ಮಾರಿನ ಕಚಿನ್ ಬೆಟ್ಟಗಳಲ್ಲೂ ಈಗ ಇದೇ ನಡೆದಿದೆ.

ಹಿತ್ತಲಿನವರು ಇದಕ್ಕೆಂದು ಪರೀಕ್ಷೆಗೆ ದುಡ್ಡು ಸುರಿಯುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಇ-ಕಸ ಒಡೆಯುವ, ಸುಡುವ ಜಾಗದ ಪಕ್ಕದವರು ಮಾತ್ರ ಸೀಸದ ಪಟ್ಟಿಗೆ ನಿಯೋಡೈಮಿಯಂ ಸೇರಿಸಿ ಕೇಳಿ. ಹಾರ್ಡ್ ಡಿಸ್ಕಿನ ಆಯಸ್ಕಾಂತದಲ್ಲಿ ಇರುವುದು ಅದೇ. ಮನೆಯ ಹಳೇ ಸ್ಪೀಕರ್, ಹಾರ್ಡ್ ಡಿಸ್ಕ್ ಗುಜರಿಗೆ ಹಾಕದೆ ಇ-ಕಸ ತೆಗೆದುಕೊಳ್ಳುವ ಅಧಿಕೃತ ಕೇಂದ್ರಕ್ಕೆ ಕೊಡಿ.

ಯಾರಿಗೆ ಹೇಳುವುದು

ಪಕ್ಕದ ಘಟಕ ಈಗಲೂ ಸುರಿಯುತ್ತಿದ್ದರೆ ನಿಮ್ಮ ಸುಣ್ಣ, ಗೊಬ್ಬರ ಎಲ್ಲ ದಂಡ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಫೋಟೋ, ತಾರೀಖು, ಲ್ಯಾಬ್ ವರದಿ ಜೊತೆಗಿರಲಿ. ಕಲುಷಿತ ಜಾಗಗಳನ್ನು ಗುರುತಿಸಿ ಸರಿಪಡಿಸುವುದಕ್ಕೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮ ತಂದಿದೆ: ಪರಿಸರ ಸಂರಕ್ಷಣೆ (ಕಲುಷಿತ ಸ್ಥಳಗಳ ನಿರ್ವಹಣೆ) ನಿಯಮಗಳು, 2025. ದೂರಿನಲ್ಲಿ ಅದನ್ನು ಹೆಸರಿಸಿ ಬರೆಯಿರಿ.

ನನ್ನ ಲೋಡ್ ಮಣ್ಣಿಗೆ ಏನಾಯಿತು ಅಂದಿರಾ? ಕೈಗೆ ಸಿಕ್ಕ ಬ್ಯಾಟರಿ ಚೂರುಗಳನ್ನೆಲ್ಲ ಕೈಗವಸು ಹಾಕಿ ಆರಿಸಿದೆ. ಎರಡು ಬಕೆಟ್ ತುಂಬಿತು. ಮಣ್ಣನ್ನು ಹಿಂದಕ್ಕೆ ಕಳಿಸೋಣ ಅಂದರೆ ಟಿಪ್ಪರ್‌ನವನ ಫೋನು ಆಗಲೇ ಸ್ವಿಚ್ ಆಫ್. ಬೇರೆ ಕಡೆ ಸುರಿದರೆ ಇನ್ನೊಬ್ಬರ ಹಿತ್ತಲು ಹಾಳು. ಕೊನೆಗೆ ಕಾಂಪೌಂಡಿನ ಮೂಲೆಗೆ ಒತ್ತರಿಸಿ, ಸುಣ್ಣ, ಗೊಬ್ಬರ ಬೆರೆಸಿ, ಮೇಲೆ ಗರಿಕೆ ಹಬ್ಬಿಸಿ, ಸಾಲಾಗಿ ದಾಸವಾಳ ನೆಟ್ಟೆ. ಹೂ ದೇವರಿಗೆ ಹೋಗುತ್ತದೆ. ಸೊಪ್ಪು ಈಗ ತಾರಸಿ ಮೇಲೆ.